ಇಟ್ಟಿಗೆಯಿಂದ ಒಂದಡಿ ಆಚೆ

ಹೊಸ ಪಿ.ಟಿ. ಟೀಚರ್ ಸ್ಟೀಲ್ ಟೇಪಿನ ಒಂದು ತುದಿಯನ್ನು ಮೇಷ್ಟ್ರ ಕೈಗೆ ಕೊಟ್ಟು, "ಇಲ್ಲೇ ಒತ್ತಿ ಹಿಡ್ಕೊಳ್ಳಿ ಸರ್" ಎಂದು ತಿರುವಿನ ಕಡೆ ಹೊರಟಳು. ಮೇಷ್ಟ್ರು ಕುಕ್ಕರುಗಾಲಲ್ಲಿ ಕೂತು, ಟೇಪಿನ ತುದಿಯನ್ನು ಟ್ರ್ಯಾಕಿನ ಒಳ ಅಂಚಿನ ಇಟ್ಟಿಗೆಗೆ ತಾಗಿಸಿ ಹಿಡಿದರು. ಹತ್ತು ಹೆಜ್ಜೆ ಹೋದವಳು ತಿರುಗಿ ನೋಡಿ ನಿಂತಳು.

"ಅಲ್ಲಲ್ಲ ಸರ್, ಅಲ್ಲಿಗಲ್ಲ. ಒಂದಡಿ ಈಚೆಗೆ."

"ಯಾಕಮ್ಮ ಈಚೆಗೆ?"

"ಯಾಕೆ ಅಂದ್ರೆ? ಅಲ್ಲಿಂದ ತಾನೇ ಅಳೆಯೋದು!"

"ಇಟ್ಟಿಗೆ ಮೇಲಿಂದ ಅಳೆಯೋದು. ಈ ಇಟ್ಟಿಗೆ ನೆಟ್ಟೋನು ನಾನೇ. ನನಗೇ ಹೇಳ್ತೀಯಲ್ಲ."

ಹುಡುಗಿ ತಮಾಷೆ ಎಂದುಕೊಂಡು ನಕ್ಕಳು. "ಇಟ್ಟಿಗೆ ಮೇಲೆ ಓಡೋಕೆ ನಮ್ಮ ಮಕ್ಕಳೇನು ಸರ್ಕಸ್ಸಿನೋರಾ ಸರ್? ಅಂಚಿಗೆ ಕಾಲು ತಾಗ್ಬಾರ್ದು ಅಂತ ಒಂದಡಿ ಬಿಟ್ಟೇ ಓಡ್ತಾರೆ. ಕಾಲು ಎಲ್ಲಿ ಬೀಳುತ್ತೋ ಅಲ್ಲಿ ನಾನೂರು ಮೀಟರ್ ಬರ್ಬೇಕು. ಮೂವತ್ತು ಸೆಂಟಿಮೀಟರ್ ಆಚೆಯಿಂದ. ಟ್ರೇನಿಂಗಲ್ಲಿ ಮೊದಲನೇ ವಾರವೇ ಹೇಳ್ಕೊಡ್ತಾರಲ್ಲ." ಎಂದವಳು ಮೇಷ್ಟ್ರ ಮುಖ ನೋಡಿ ನಗು ನಿಲ್ಲಿಸಿದಳು.

ಮೇಷ್ಟ್ರು ಟೇಪನ್ನು ಒಂದಡಿ ಈಚೆಗೆ ತಂದರು. ಇಬ್ಬರೂ ಮೊಳೆ ಹೊಡೆಯುತ್ತ, ತುಂಡು ತುಂಡಾಗಿ ಅಳೆಯುತ್ತ ಒಂದು ಸುತ್ತು ಮುಗಿಸುವಷ್ಟರಲ್ಲಿ ಬಿಸಿಲು ನೆತ್ತಿಗೆ ಬಂದಿತ್ತು. ಹುಡುಗಿ ಅಂಗೈ ಮೇಲೆ ಪೆನ್ನಿನಿಂದ ಕೂಡಿಸಿದಳು. ನಾನೂರ ಒಂದು ಮೀಟರ್, ಎಂಬತ್ತೆಂಟು ಸೆಂಟಿಮೀಟರ್.

"ಸುತ್ತಿಗೆ ಹತ್ತತ್ರ ಎರಡು ಮೀಟರ್ ಉದ್ದ. ಬಿಡಿ ಸರ್, ಗಿಡ್ಡ ಆಗಿದ್ರೆ ಬೇಜಾರು. ಉದ್ದ ಆದ್ರೆ ಮಕ್ಕಳು ಗಟ್ಟಿ ಆಗ್ತಾರೆ."

"ಹೌದಮ್ಮ" ಎಂದರು ಮೇಷ್ಟ್ರು. ಟೇಪಿನ ತುದಿ ಇನ್ನೂ ಅವರ ಕೈಯಲ್ಲೇ ಇತ್ತು. ಅವಳು ಅದನ್ನು ಬಿಡಿಸಿಕೊಂಡು ಸುತ್ತಿಟ್ಟಳು.

ಶಾಲೆಗೆ ನೂರು ವರ್ಷ ತುಂಬುತ್ತಿತ್ತು. ಹಳೆಯ ಮೈದಾನವನ್ನು ಅಳೆದಿಟ್ಟುಕೊಂಡು, ಕಿತ್ತು ಹೊಸದು ಮಾಡುವುದು, ಹಾಲಿನ ಗೋಡೆಗೆ ಎರಡು ದೊಡ್ಡ ಬೋರ್ಡು ಹಾಕುವುದು ಎಂದು ತೀರ್ಮಾನವಾಗಿತ್ತು. ಒಂದು ಬೋರ್ಡಿನಲ್ಲಿ ಹೆಸರು ಮಾಡಿದ ಹಳೆಯ ವಿದ್ಯಾರ್ಥಿಗಳು. ಇನ್ನೊಂದರಲ್ಲಿ ಆಟೋಟದ ದಾಖಲೆಗಳು. ದಾಖಲೆಗಳನ್ನು ಸರಿ ನೋಡಿ ಸಹಿ ಹಾಕಲು ರಿಟೈರಾಗಿ ಐದು ವರ್ಷವಾಗಿದ್ದ ಮೇಷ್ಟ್ರನ್ನು ಕರೆಸಿದ್ದರು. ಮೂವತ್ತಮೂರು ವರ್ಷ ಈ ಒಂದೇ ಶಾಲೆಯಲ್ಲಿ ಪಿ.ಟಿ. ಹೇಳಿಕೊಟ್ಟವರು. ಮಕ್ಕಳು ಇಟ್ಟ ಹೆಸರು ಸ್ಟಾಪ್‌ವಾಚು.

ಹೆಸರು ಸುಮ್ಮನೆ ಬಂದದ್ದಲ್ಲ. ಜಿಲ್ಲಾ ಕ್ರೀಡಾಕೂಟಕ್ಕೆ ಮಕ್ಕಳನ್ನು ಕಳಿಸಬೇಕಾದರೆ, ಇಂತಿಷ್ಟು ಸಮಯದೊಳಗೆ ಓಡಿದ್ದಾರೆ ಎಂದು ಆಯಾ ಶಾಲೆಯ ಪಿ.ಟಿ. ಮೇಷ್ಟ್ರು ಬರೆದುಕೊಡಬೇಕಿತ್ತು. ಬೇರೆ ಶಾಲೆಯವರು ಬರೆಯುವಾಗ ಒಂದೆರಡು ಸೆಕೆಂಡು ನುಂಗುತ್ತಿದ್ದರು. ಅದು ಎಲ್ಲರಿಗೂ ಗೊತ್ತಿತ್ತು, ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ. ಈ ಮೇಷ್ಟ್ರು ಮಾತ್ರ ಸೆಕೆಂಡಿನ ಹತ್ತನೇ ಒಂದು ಭಾಗವನ್ನೂ ಅಲುಗಿಸಿದವರಲ್ಲ. ಮೂರು ವಾಚು ಹಿಡಿಸಿ, ನಡುವಿನದನ್ನು ಬರೆಯುತ್ತಿದ್ದರು. "ವಾಚು ಹೇಳಿದ್ದು ಬರೀತೀನಿ. ಅದರ ಮೇಲೆ ನನ್ನ ಮಾತಿಲ್ಲ" ಎಂಬುದು ಅವರ ಮಾತು.

ಇನ್ನೊಂದು ಮಾತೂ ಇತ್ತು. ತಮ್ಮ ಮಕ್ಕಳು ಸ್ವಂತ ಮೈದಾನಕ್ಕಿಂತ ಹೊರಗೆ ಹೋದಾಗ ಚೆನ್ನಾಗಿ ಓಡುತ್ತಾರೆ ಎಂದು ಅವರು ಸಿಕ್ಕವರಿಗೆಲ್ಲ ಹೇಳುತ್ತಿದ್ದರು. ನಿಜವೂ ಹೌದು. ಇಲ್ಲಿ ಎಂಟುನೂರು ಮೀಟರನ್ನು ಎರಡು ನಿಮಿಷ ಆರು ಸೆಕೆಂಡಿನಲ್ಲಿ ಮುಗಿಸಿದವನು ಜಿಲ್ಲೆಯಲ್ಲಿ ಐದೂ ಚಿಲ್ಲರೆಗೆ ಮುಗಿಸುತ್ತಿದ್ದ. "ಬೇರೆಯವರ ಮಕ್ಕಳು ಜನ ನೋಡಿ ಬೆದರ್ತಾರೆ, ನಮ್ಮವು ಜನ ನೋಡಿದ್ರೆ ಕುದುರ್ತಾವೆ. ಅದು ತಯಾರಿ" ಎಂದು ಮೀಸೆ ತಿರುವುತ್ತಿದ್ದರು. ಸ್ಟಾಫ್ ರೂಮಿನಲ್ಲಿ ಈ ಮಾತು ಕೇಳಿ ಕೇಳಿ ಎಲ್ಲರ ಕಿವಿ ತೂತಾಗಿತ್ತು.

ತಯಾರಿ ಅಲ್ಲ, ಇಟ್ಟಿಗೆ. ಕೆಲಸಕ್ಕೆ ಸೇರಿದ ಎರಡನೇ ವರ್ಷ ಅವರೇ ಮಂಡಿಯೂರಿ ನೆಟ್ಟ ಇಟ್ಟಿಗೆ. ಆಗ ಎದುರಿಗೆ ತೆರೆದಿಟ್ಟುಕೊಂಡಿದ್ದ ಪುಸ್ತಕದ ಚಿತ್ರದಲ್ಲಿ ಅಂಚಿನ ಪಕ್ಕ ಒಂದು ಚುಕ್ಕೆಗೆರೆ ಇದ್ದದ್ದು ಅವರಿಗೆ ಈಗಲೂ ಕಣ್ಣಿಗೆ ಕಟ್ಟಿದಂತಿತ್ತು. ಓಡುವವರು ಅಲ್ಲಿ ಓಡುತ್ತಾರೆ ಎಂದು ತೋರಿಸಲು ಹಾಕಿದ್ದಾರೆ ಎಂದುಕೊಂಡಿದ್ದರು. ಅಳೆಯಬೇಕಾದ ಗೆರೆ ಅದೇ ಎಂದು ಹೊಳೆದಿರಲಿಲ್ಲ. ಕೆಳಗೆ ಸಣ್ಣ ಅಕ್ಷರದಲ್ಲಿ ಏನೋ ಬರೆದಿತ್ತು. ಓದಿರಲಿಲ್ಲ.

ಮಧ್ಯಾಹ್ನ ಮನೆಗೆ ಬಂದವರು ಅನ್ನಕ್ಕಿಟ್ಟು, ಅದು ಆಗುವುದರೊಳಗೆ ಒಂದು ಹಾಳೆ ತೆಗೆದುಕೊಂಡು ಕೂತರು. ಸ್ಟೇಷನರಿ ಅಂಗಡಿಯ ಮೇಲಿನ ಎರಡು ಕೋಣೆಯ ಮನೆ. ಹೆಂಡತಿ ತೀರಿಕೊಂಡ ಮೇಲೆ ಒಂದು ಕೋಣೆಯ ಬಾಗಿಲು ತೆಗೆಯುವ ಕೆಲಸವೇ ಬರುತ್ತಿರಲಿಲ್ಲ. ಹಾಳೆಯ ಮೇಲೆ ಯಾರ ಹೆಸರು ಬರೆಯಬೇಕು ಎಂದು ಯೋಚಿಸಬೇಕಾಗಿರಲಿಲ್ಲ. ಅವತ್ತು ಬೆಳಗ್ಗೆ ಇಟ್ಟಿಗೆಯ ಪಕ್ಕ ಕೂತಿದ್ದಾಗಲೇ ಆ ಹೆಸರು ಬಂದು ನಿಂತಿತ್ತು. ಗಾಳಿಪಟ.

ಇಪ್ಪತ್ತೆಂಟು ವರ್ಷದ ಹಿಂದಿನ ಮಾತು. ಕಡ್ಡಿಯಂಥ ಹುಡುಗಿ, ಓಡುವಾಗ ಎರಡು ಜಡೆ ಹಿಂದೆ ಬಾಲದಂತೆ ಹಾರುತ್ತಿದ್ದುದಕ್ಕೆ ಆ ಹೆಸರು. ಹುಡುಗಿಯರ ಎಂಟುನೂರು ಮೀಟರ್ ಓಟಕ್ಕೆ ಜಿಲ್ಲೆಯವರು ಇಟ್ಟಿದ್ದ ಗಡಿ ಎರಡು ನಿಮಿಷ ಇಪ್ಪತ್ತು ಸೆಕೆಂಡು. ಅವಳು ಓಡಿದ್ದು ಎರಡು ಇಪ್ಪತ್ತು, ಮೇಲೆ ಸೆಕೆಂಡಿನ ನಾಲ್ಕು ಹತ್ತಾಂಶ. ಅವಳ ತಾಯಿ ಸಂಜೆ ಶಾಲೆಗೇ ಬಂದಿದ್ದಳು. "ನಾಲ್ಕು ಅಂದ್ರೆ ಎಷ್ಟು ಸಾರ್? ಒಂದು ಸಲ ಕಣ್ಣು ಮುಚ್ಚಿ ಬಿಡೋವಷ್ಟು ಅಲ್ವಾ? ನೀವೇ ಒಂದು ಸಲ ಕಣ್ಣು ಮುಚ್ಚಿ" ಎಂದಿದ್ದಳು. ಮೇಷ್ಟ್ರು ಮುಚ್ಚಿರಲಿಲ್ಲ. ಆ ವರ್ಷ ಹತ್ತನೇ ಕ್ಲಾಸು ಮುಗಿಸಿ ಹುಡುಗಿ ಹೋದಳು. ಮುಂದೆ ಓಡಲಿಲ್ಲ. ಅವಳಷ್ಟು ವೇಗವಾಗಿ ಆ ಮೈದಾನದಲ್ಲಿ ಇನ್ನಾವ ಹುಡುಗಿಯೂ ಓಡಲಿಲ್ಲ. ದಾಖಲೆ ಇವತ್ತಿಗೂ ಅವಳದೇ.

ಎರಡು ಸುತ್ತಿಗೆ ಮೂರು ಮೀಟರ್ ಎಪ್ಪತ್ತಾರು ಹೆಚ್ಚು. ಭಾಗಿಸಿದರು, ಕಳೆದರು. ಎರಡು ನಿಮಿಷ ಹತ್ತೊಂಬತ್ತು ಸೆಕೆಂಡು, ಏಳು ಹತ್ತಾಂಶ. ಇನ್ನೊಂದು ಸಲ ಮಾಡಿದರು. ಏಳೇ ಬಂತು. ಅನ್ನ ಸೀದ ವಾಸನೆ ಬಂದ ಮೇಲೆ ಎದ್ದರು.

ಅಕ್ಕ ಫೋನು ಮಾಡಿದಾಗ ವಿಷಯ ಹೇಳಿದರು. ಬೇರೆ ಊರಿನಲ್ಲಿ ಮಗಳ ಮನೆಯಲ್ಲಿರುವ ಅಕ್ಕ. ವಾರಕ್ಕೊಮ್ಮೆ ಇವರ ಊಟ ವಿಚಾರಿಸುವ ಒಂದೇ ಜೀವ.

"ಒಂದಡಿಗೆ ಇಷ್ಟೊಂದು ಒದ್ದಾಡ್ತಿದೀಯಲ್ಲೋ! ಊಟ ಮಾಡಿದ್ಯೋ ಇಲ್ವೋ?"

"ಆ ಹುಡುಗಿ ಹೋಗ್ಬೇಕಾಗಿತ್ತು ಅಕ್ಕ. ನಾನೇ ತಡೆದೆ."

"ಹುಡುಗಿ ಅಂತೀಯಲ್ಲ, ಈಗ ಅವಳಿಗೆ ನಲವತ್ತು ದಾಟಿರುತ್ತೆ. ಎಲ್ಲೋ ಸಂಸಾರ ಮಾಡ್ಕೊಂಡು ಸುಖವಾಗಿದಾಳೆ. ನೀನು ಹೋಗಿ ಹಳೇ ಹುಣ್ಣು ಕೆರೀಬೇಡ."

"ಗೊತ್ತಾದ್ಮೇಲೆ ಹೇಳ್ದೆ ಇರೋದು ಹೇಗೆ?"

"ಹೇಗೆ ಅಂದ್ರೆ, ಬಾಯಿ ಮುಚ್ಕೊಂಡು. ಎಲ್ಲರೂ ಹಾಗೇ ಇರೋದು" ಎಂದು ಅಕ್ಕ ಫೋನಿಟ್ಟಳು.

ಮರುದಿನ ಶಾಲೆಯ ಹಾಲಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಒಂದು ಮೂಲೆಯಲ್ಲಿ ಬ್ಯಾಂಡಿನ ಮಕ್ಕಳು ಡ್ರಮ್ಮು ಬಡಿಯುತ್ತಿದ್ದರು. ಇನ್ನೊಂದು ಮೂಲೆಯಲ್ಲಿ ನಾಟಕದ ಹುಡುಗಿಯೊಬ್ಬಳು ಸಾಯುವುದನ್ನು ಮೂರನೇ ಸಲ ಅಭ್ಯಾಸ ಮಾಡುತ್ತಿದ್ದಳು. ನಡುವೆ ಏಣಿಯ ಮೇಲೆ, ಡ್ರಾಯಿಂಗ್ ಕಲಿಸುವ ಬಣ್ಣದಯ್ಯ ಬಾಯಲ್ಲೊಂದು ಬ್ರಷ್ಷು, ಕೈಯಲ್ಲೊಂದು ಬ್ರಷ್ಷು ಹಿಡಿದು ಅಕ್ಷರ ತಿದ್ದುತ್ತಿದ್ದರು. ಹೆಸರು ಮಾಡಿದವರ ಬೋರ್ಡು ಮುಗಿದಿತ್ತು: ಒಬ್ಬ ನ್ಯಾಯಾಧೀಶರು, ಇಬ್ಬರು ಡಾಕ್ಟರು, ಒಬ್ಬಳು ರಂಗನಟಿ, ದೇಶಕ್ಕಾಗಿ ಓಡಿ ಬಂದ ಒಬ್ಬ ಓಟಗಾರ. ಆ ಓಟಗಾರ ಮೇಷ್ಟ್ರ ಕೈಯಲ್ಲೇ ಪಳಗಿದವನು. ಶಾಲೆಯಲ್ಲಿ ಅವನಿಗೆ ಕುದುರೆ ಎಂದು ಹೆಸರು. ನಾಳಿದ್ದಿನ ಸಮಾರಂಭಕ್ಕೆ ಅವನೇ ಮುಖ್ಯ ಅತಿಥಿ. ಅವನ ಕೈಯಿಂದಲೇ ಮೇಷ್ಟ್ರಿಗೆ ಸನ್ಮಾನ.

ಹೆಡ್‌ಮಿಸ್ ದಾಖಲೆಗಳ ಪಟ್ಟಿ ಮುಂದಿಟ್ಟು ಪೆನ್ನು ಕೊಟ್ಟರು. ಮೇಷ್ಟ್ರು ಎಲ್ಲ ಹೇಳಿದರು. ಡ್ರಮ್ಮಿನ ಸದ್ದಿಗೆ ಎರಡು ಸಲ ಹೇಳಬೇಕಾಯಿತು.

"ಅಂದ್ರೆ ನಮ್ಮ ದಾಖಲೆಗಳು ಇನ್ನೂ ಒಳ್ಳೆಯವು ಅಂತಾಯ್ತಲ್ಲ ಸರ್? ಸಂತೋಷದ ವಿಷಯ."

"ಬೋರ್ಡಿನ ಕೆಳಗೆ ಒಂದು ಸಾಲು ಹಾಕ್ಸಿ ಮಿಸ್. ಟ್ರ್ಯಾಕಿನ ಅಳತೆ ತಪ್ಪಿತ್ತು ಅಂತ."

"ನೂರು ವರ್ಷದ ಕಾರ್ಯಕ್ರಮದಲ್ಲಿ ತಪ್ಪಿಗೊಂದು ಬೋರ್ಡೇ?" ಹೆಡ್‌ಮಿಸ್ ಕೆಟ್ಟವರೇನಲ್ಲ, ಮೂರು ದಿನದಿಂದ ಸರಿಯಾಗಿ ಕೂತು ಉಂಡವರಲ್ಲ, ಅಷ್ಟೆ. "ಯಾರಿಗೆ ಅನ್ಯಾಯ ಆಗಿದೆ ಹೇಳಿ ಸರ್? ಈ ಪಟ್ಟಿಯಲ್ಲಿ ಇರೋರಿಗಂತೂ ಅಲ್ಲ."

"ಪಟ್ಟಿಯಲ್ಲಿ ಇರೋ ಗಾಳಿಪಟಕ್ಕೇ ಮಿಸ್. ಜಿಲ್ಲೆಗೆ ಹೋಗದೆ ಉಳಿದೋಳಿಗೆ."

"ಉಳಿದೋರಿಗೆಲ್ಲ ಬೋರ್ಡು ಬರೆದ್ರೆ ನನಗೆ ಗೋಡೆ ಸಾಲಲ್ಲ, ಬಣ್ಣ ಸಾಲಲ್ಲ" ಎಂದರು ಬಣ್ಣದಯ್ಯ ಬಾಯಲ್ಲಿದ್ದ ಬ್ರಷ್ಷು ತೆಗೆದು. "ನೀವು ಹುಡುಕೋ ಗಾಳಿಪಟ ಬಸ್ ನಿಲ್ದಾಣದ ವಿಚಾರಣೆ ಕಿಟಕಿಯಲ್ಲಿ ಕೂತಿರ್ತಾಳೆ ನೋಡಿ. ದಿನಾ ಅವಳ ಧ್ವನಿ ಕೇಳ್ಕೊಂಡೇ ನಾನು ಬಸ್ ಹತ್ತೋದು. ಹೋಗಿ ಅವಳಿಗೇ ಹೇಳಿ."

ಮೇಷ್ಟ್ರು ಪಟ್ಟಿಗೆ ಸಹಿ ಹಾಕಲಿಲ್ಲ. ಅದನ್ನು ಮಡಚಿ ಜೇಬಿಗಿಟ್ಟುಕೊಂಡು ಹೊರಟರು.

ವಿಚಾರಣೆ ಕಿಟಕಿಯ ಎದುರು ಸಾಲಿತ್ತು. ಗಾಜಿನಾಚೆ ಕೂತಿದ್ದ ಹೆಂಗಸು ತೆಳ್ಳಗಿರಲಿಲ್ಲ, ಜಡೆಯಿರಲಿಲ್ಲ. ಕುತ್ತಿಗೆಯನ್ನು ಮುಂದಕ್ಕೆ ಚಾಚುವ ರೀತಿಯೊಂದು ಹಾಗೇ ಉಳಿದಿತ್ತು. ಮೇಷ್ಟ್ರು ಕಿಟಕಿಯ ತೂತಿಗೆ ಬಾಯಿ ತಂದಾಗ ಅವಳು ತಲೆಯೆತ್ತದೆ, "ಎಲ್ಲಿಗೆ ಹೇಳಿ?" ಎಂದಳು.

"ನಾನಮ್ಮ. ಸ್ಟಾಪ್‌ವಾಚು."

ಅವಳು ನೋಡಿದಳು. "ಅಯ್ಯೋ ಸರ್! ನೀವಾ? ಯಾವ ಬಸ್ಸು ಬೇಕಿತ್ತು?"

"ಬಸ್ಸು ಬೇಡ. ನಿನ್ನ ಹತ್ರ ಒಂದು ಮಾತು—"

"ಯಜಮಾನ್ರೇ, ಮಾತುಕತೆ ಮನೇಲಿಟ್ಕೊಳ್ಳಿ, ನಮ್ಮ ಬಸ್ಸು ಹೋಗುತ್ತೆ" ಎಂದು ಹಿಂದಿನಿಂದ ಯಾರೋ ಭುಜಕ್ಕೆ ತಾಗಿದರು. ಅವಳು ಒಂದು ಗಂಟೆಗೆ ಬನ್ನಿ ಎಂದು ಬೆರಳಲ್ಲೇ ತೋರಿಸಿ, ಮೈಕಿನ ಗುಂಡಿ ಒತ್ತಿದಳು.

ಒಂದು ಗಂಟೆಗೆ ಹಿಂದಿನ ಕೋಣೆಗೆ ಕರೆದಳು. ಕಬ್ಬಿಣದ ಕಪಾಟು, ಒಂದು ಬೆಂಚು, ಕಿಟಕಿಯಾಚೆ ನಿಂತ ಬಸ್ಸುಗಳ ಬೆನ್ನು. ಊಟದ ಡಬ್ಬಿ ಬಿಚ್ಚಿ ಮುಚ್ಚಳದಲ್ಲಿ ಅವರಿಗೂ ಒಂದಿಷ್ಟು ಹಾಕಿದಳು. ಮೇಷ್ಟ್ರು ಅದನ್ನು ತೊಡೆಯ ಮೇಲಿಟ್ಟುಕೊಂಡು, ಲೆಕ್ಕದ ಹಾಳೆ ಕೊಟ್ಟು, ಇಟ್ಟಿಗೆಯಿಂದ ಹಿಡಿದು ಎಲ್ಲವನ್ನೂ ಹೇಳಿದರು. ತಾವು ಚಿತ್ರ ನೋಡಿದ್ದು, ಕೆಳಗಿನ ಅಕ್ಷರ ಓದದೆ ಬಿಟ್ಟಿದ್ದು, ಯಾವುದನ್ನೂ ಬಿಡಲಿಲ್ಲ. ಅವಳು ಹಾಳೆ ನೋಡುತ್ತ ಕೂತಳು.

"ಹತ್ತೊಂಬತ್ತು ಏಳು" ಎಂದಳು ಕೊನೆಗೆ.

"ಹೂಂ."

"ಸರ್, ಕೊನೇ ತಿರುವಲ್ಲಿ ನಾನೊಂದ್ಸಲ ಹಿಂದೆ ತಿರುಗಿ ನೋಡಿದ್ದೆ. ನಿಮಗೆ ಕಾಣ್ಲಿಲ್ವಾ?"

"ಇಲ್ಲಮ್ಮ. ನಾನು ವಾಚು ನೋಡ್ತಿದ್ದೆ."

"ಹಿಂದೆ ಯಾರೂ ಇರ್ಲಿಲ್ಲ. ಸುಮ್ನೆ ನೋಡ್ದೆ. ಅದಕ್ಕೇ ಆ ನಾಲ್ಕು ಹೋಯ್ತು ಅಂದ್ಕೊಂಡೆ. ಇವತ್ತಿನವರೆಗೂ ಹಾಗೇ ಅಂದ್ಕೊಂಡಿದ್ದೆ. ಅಮ್ಮನಿಗೆ ಹೇಳಿರ್ಲಿಲ್ಲ. ಹೇಳಿದ್ರೆ ಸಿಗಿದು ಹಾಕ್ತಿದ್ಲು. ಪಾಪ, ಅವಳು ಸಾಯೋವರೆಗೂ ನಿಮ್ಮನ್ನ ಬೈತಿದ್ಲು, ನಾನು ಒಳಗೊಳಗೇ ನನ್ನನ್ನ ಬೈಕೋತಿದ್ದೆ." ಅವಳು ಹಾಳೆಯನ್ನು ಡಬ್ಬಿಯ ಪಕ್ಕ ಇಟ್ಟಳು. "ನನ್ನ ಮಗಳಿಗೆ ಏನೇ ಹೇಳಿಕೊಡೋದಿದ್ರೂ ಅದೊಂದೇ ಹೇಳಿದೀನಿ, ಹಿಂದೆ ನೋಡ್ಬೇಡ ಅಂತ. ಅವಳಿಗೆ ಕೇಳಿ ಕೇಳಿ ತಲೆ ಚಿಟ್ಟು ಹಿಡಿದಿದೆ."

"ನೀನು ನೋಡಿದ್ರೂ ಪಾಸಾಗಿದ್ದೆ. ಮೂರು ಹತ್ತಾಂಶ ಉಳಿದಿತ್ತು. ಲೆಕ್ಕ ಹಾಕಿದ್ರೆ—"

"ಲೆಕ್ಕ ಸಾಕು ಸರ್."

ಮೇಷ್ಟ್ರು ಹಾಳೆಯತ್ತ ಚಾಚಿದ್ದ ಬೆರಳನ್ನು ಹಿಂದಕ್ಕೆ ತೆಗೆದುಕೊಂಡರು. ಅವರು ಒಂದು ಮಾತಿಗಾಗಿ ಬಂದಿದ್ದರು. ಬಿಡಿ ಸರ್, ಆದದ್ದಾಯ್ತು, ಎಂಬಂಥ ಯಾವುದೋ ಒಂದು ಮಾತು. ಜನ ಸಾಮಾನ್ಯವಾಗಿ ಅನ್ನುತ್ತಾರೆ, ದುಡ್ಡು ಕೊಟ್ಟು ತರಬೇಕಾದ್ದೇನಲ್ಲ. ಬಸ್ಸಿನ ಬಾಗಿಲು ಬಡಿದುಕೊಂಡ ಸದ್ದು ಬಂತು. ಅವಳು ಅಂಥದ್ದೇನೂ ಹೇಳಲಿಲ್ಲ.

"ಇದನ್ನ ನನ್ನ ಹತ್ರಾನೇ ಯಾಕೆ ತಂದ್ರಿ?"

"ನಿನ್ನದು ನೆನಪಿತ್ತು."

"ನನ್ನಮ್ಮ ಬಂದು ಗಲಾಟೆ ಮಾಡಿದ್ಲು, ನೆನಪಿತ್ತು. ಗಲಾಟೆ ಮಾಡದೋರು?"

ಮೇಷ್ಟ್ರಿಗೆ ಅದು ಹೊಳೆದೇ ಇರಲಿಲ್ಲ. ಮೂವತ್ತೆರಡು ವರ್ಷ ಆ ಇಟ್ಟಿಗೆಯ ಸುತ್ತ ಓಡಿದ್ದು ಇವಳೊಬ್ಬಳೇ ಅಲ್ಲ.

"ನನ್ನ ಹತ್ರ ಒಪ್ಪಿಸಿ ಹಗುರಾಗಿ ಹೋಗೋಣ ಅಂತ ಬಂದ್ರೇನೋ. ನನಗೇನೂ ಹಗುರಾಗ್ಲಿಲ್ಲ ಸರ್. ನಾಳೆಯಿಂದ ಯಾರನ್ನ ಬೈಕೊಳ್ಲಿ ಅಂತ ಗೊತ್ತಾಗ್ತಿಲ್ಲ." ಅವಳು ಸಿಟ್ಟಿನಿಂದ ಹೇಳಲಿಲ್ಲ. ಬಸ್ಸು ತಡವೆಂದು ಹೇಳುವ ಧ್ವನಿಯಲ್ಲೇ ಹೇಳಿದಳು. "ಊಟ ಮಾಡಿ. ಮುಚ್ಚಳದಲ್ಲಿ ಬಿಡ್ಬೇಡಿ."

ಅವರು ಉಂಡರು. ಅವಳು ಡಬ್ಬಿ ಮುಚ್ಚಿ, ಹಾಳೆಯನ್ನು ನಾಲ್ಕಾಗಿ ಮಡಚಿ ಕೈಚೀಲದೊಳಗಿಟ್ಟುಕೊಂಡು, ಕಿಟಕಿಗೆ ಹೋದಳು. ಅವರು ನಿಲ್ದಾಣ ದಾಟುವವರೆಗೂ ತಲೆಯ ಮೇಲೆ ಅವಳ ಧ್ವನಿ ಊರುಗಳ ಹೆಸರು ಹೇಳುತ್ತಿತ್ತು.

ಮೇಷ್ಟ್ರು ಮನೆಗೆ ಹೋಗದೆ ನೇರ ಶಾಲೆಯ ಆಟದ ಸಾಮಾನಿನ ಕೋಣೆಗೆ ಹೋದರು. ಗಾಳಿ ಹೋದ ಚೆಂಡು, ಮುರಿದ ಹರ್ಡಲ್ಲುಗಳ ಹಿಂದೆ ಅವರ ಮೂವತ್ತಮೂರು ಉದ್ದ ಪುಸ್ತಕಗಳಿದ್ದವು. ವರ್ಷಕ್ಕೊಂದು. ಪ್ರತಿ ಓಟ, ಪ್ರತಿ ಮಗು, ಪ್ರತಿ ಹತ್ತಾಂಶ. ಮೊದಲನೆಯದರ ಹೊತ್ತಿಗೆ ಇಟ್ಟಿಗೆ ನೆಟ್ಟಿರಲಿಲ್ಲ, ಅದನ್ನು ಪಕ್ಕಕ್ಕಿಟ್ಟರು. ಎರಡನೆಯದರ ಧೂಳು ಒರೆಸಿ ಕೂತರು.

ಎಷ್ಟು ನಿಷ್ಠೆಯಿಂದ ಬರೆದಿಟ್ಟಿದ್ದರೆಂದರೆ, ಹುಡುಕುವುದು ಕಷ್ಟವೇ ಆಗಲಿಲ್ಲ. ಗಡಿಗೆ ಸ್ವಲ್ಪದರಲ್ಲಿ ತಪ್ಪಿದವರ ಹೆಸರಿನ ಮುಂದೆಲ್ಲ ಕೆಂಪು ಶಾಯಿಯಲ್ಲಿ 'ಇಲ್ಲ' ಎಂದು ಬರೆದಿತ್ತು. ಅವರದೇ ಅಕ್ಷರ, ದುಂಡಗೆ, ಒಂದೂ ತಿದ್ದಿಲ್ಲದೆ. ಆ ದಿನ ಒಂಬತ್ತು ಪುಸ್ತಕ ಮುಗಿದವು, ಮೂರು ಹೆಸರು ಸಿಕ್ಕವು. ಮರುದಿನ ಹನ್ನೆರಡು ಪುಸ್ತಕ, ನಾಲ್ಕು ಹೆಸರು. ಒಬ್ಬರ ಮುಖವೂ ನೆನಪಿಗೆ ಬರಲಿಲ್ಲ. ಯಾರೂ ತಾಯಿಯನ್ನು ಕರೆತಂದಿರಲಿಲ್ಲ, ಯಾರೂ ಒಂದು ಮಾತೂ ಕೇಳಿರಲಿಲ್ಲ. ಮೇಷ್ಟ್ರು ಇಲ್ಲ ಎಂದರು, ಮಕ್ಕಳು ಹೂಂ ಎಂದು ಚಪ್ಪಲಿ ಮೆಟ್ಟಿಕೊಂಡು ಮನೆಗೆ ಹೋಗಿದ್ದರು.

ಸಮಾರಂಭದ ದಿನ ಬೆಳಗ್ಗೆಯಿಂದ ಉಳಿದ ಪುಸ್ತಕ ಹಿಡಿದು ಕೂತಿದ್ದರು. ಹೊರಗೆ ಬ್ಯಾಂಡು ಬಾರಿಸಿತು, ನಾಟಕದ ಹುಡುಗಿ ಸತ್ತು ಚಪ್ಪಾಳೆ ಗಿಟ್ಟಿಸಿದಳು. ಆಮೇಲೆ ಕುದುರೆ ಮಾತಾಡಲು ನಿಂತದ್ದು ಮೈಕಿನಲ್ಲಿ ಕೇಳಿಸಿತು.

"ನಮ್ಮ ಸ್ಟಾಪ್‌ವಾಚ್ ಮೇಷ್ಟ್ರು ಒಂದು ಮಾತು ಹೇಳ್ತಿದ್ರು, ನಮ್ಮ ಮಕ್ಕಳು ಜನ ನೋಡಿದ್ರೆ ಕುದುರ್ತಾವೆ ಅಂತ. ಹೊರದೇಶದಲ್ಲಿ, ಸಾವಿರಾರು ಜನದ ಮುಂದೆ ಗೆರೆ ಮೇಲೆ ನಿಂತಾಗ್ಲೂ ನನಗೆ ಅದೇ ನೆನಪಾಗ್ತಿತ್ತು. ಆ ಒಂದು ಮಾತೇ ನನ್ನನ್ನ ಓಡಿಸ್ತು."

ಜನ ನಕ್ಕರು, ಚಪ್ಪಾಳೆ ತಟ್ಟಿದರು. ಮೇಷ್ಟ್ರು ಪೆನ್ನು ಎತ್ತಿ ಹಿಡಿದು ಅದು ನಿಲ್ಲುವವರೆಗೆ ಕಾದು, ಕಳೆಯುವ ಲೆಕ್ಕ ಮುಂದುವರಿಸಿದರು.

"ಈಗ ಸನ್ಮಾನ. ಮೇಷ್ಟ್ರು ದಯವಿಟ್ಟು ವೇದಿಕೆಗೆ ಬರಬೇಕು." ಹೆಡ್‌ಮಿಸ್ ಧ್ವನಿ. ಸ್ವಲ್ಪ ಹೊತ್ತಾದ ಮೇಲೆ ಇನ್ನೊಮ್ಮೆ, "ಮೇಷ್ಟ್ರು ಎಲ್ಲಿದ್ದರೂ ಬರಬೇಕು."

ಬಣ್ಣದಯ್ಯ ಏದುಸಿರು ಬಿಡುತ್ತ ಬಾಗಿಲಿಗೆ ಬಂದರು. "ಏನ್ರೀ ಇದು, ಮದುಮಗ ಅಡಗಿ ಕೂತಂಗೆ ಕೂತಿದೀರಿ! ಕುದುರೆ ಅಲ್ಲಿ ಹಲ್ಲು ಬಿಟ್ಕೊಂಡು ನಿಂತಿದಾನೆ, ಏಳಿ."

"ಅವನಿಗೆ ಹೇಳಿ, ಆಮೇಲೆ ಸಿಗ್ತೀನಿ ಅಂತ. ಇಲ್ಲಿ ಬನ್ನಿ. ನೀವು ಈ ಊರಿನೋರು, ಇವರು ಈಗ ಎಲ್ಲೆಲ್ಲಿದಾರೆ ಅಂತ ಹೇಳಿ."

ಬಣ್ಣದಯ್ಯ ಹಾಳೆ ತೆಗೆದುಕೊಂಡರು. ಗಾಳಿಪಟವನ್ನು ಬಿಟ್ಟು ಹನ್ನೊಂದು ಹೆಸರು. ಓದುತ್ತ ಓದುತ್ತ ಅವರ ಧ್ವನಿ ಇಳಿಯಿತು. "ಇವನು ಮರದ ಮಿಲ್ಲಲ್ಲಿದಾನೆ. ಇವಳು ಮದುವೆಯಾಗಿ ಹೋದ್ಲು, ಅವಳಣ್ಣನ ಕೇಳಿದ್ರೆ ಗೊತ್ತಾಗುತ್ತೆ. ಇವನು..." ಬೆರಳು ಆರನೇ ಹೆಸರಿನ ಮೇಲೆ ನಿಂತಿತು. "ಇವನು ಹೋಗಿ ಏಳು ವರ್ಷ ಆಯ್ತು ಮೇಷ್ಟ್ರೇ. ಲಾರಿ ಗುದ್ದಿ."

ಹೊರಗೆ ಮೈಕು ಮೇಷ್ಟ್ರನ್ನು ಕರೆಯುವುದು ಬಿಟ್ಟು ಮುಂದಿನ ಹೆಸರು ಕೂಗಿತು.

"ಹೆಂಡತಿ, ಮಕ್ಕಳು?"

"ಒಬ್ಬ ತಮ್ಮ ಇದಾನೆ. ನೀರಿನ ಟ್ಯಾಂಕಿನ ಹಿಂದಿನ ರಸ್ತೆ, ಕೊನೇ ಮನೆ. ಅವನಿಗೆ ಇದೆಲ್ಲ ಏನು ಅರ್ಥವಾಗುತ್ತೆ ಹೇಳಿ. ಅದೊಂದು ಬಿಟ್ಬಿಡಿ."

ಮೇಷ್ಟ್ರು ಹಾಳೆ ವಾಪಸು ತೆಗೆದುಕೊಂಡು, ಆರನೇ ಹೆಸರಿನ ಮುಂದೆ ತಮ್ಮನ ವಿಳಾಸ ಬರೆದುಕೊಂಡರು.